‘ರಗತ ಕಮ್ಮಿ’ ಎಂದರೆ ಮಾತು ಮುಗಿಯಲಿಲ್ಲ

(ಕಲಬುರಗಿಯ ನೆಹರು ಗಂಜ್‌ನಲ್ಲಿ ನಡೆದ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)

 

ಟ್ರಸ್ಟಿನ ಅಧ್ಯಕ್ಷರೇ, ಪದಾಧಿಕಾರಿಗಳೇ, ದಾನಿಗಳೇ, ಕಮಲಾಪುರ ಮತ್ತು ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬಂದಿರುವ ತಂದೆ ತಾಯಂದಿರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳೇ,

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಮುಂದೆ ಏನಾಗಬೇಕೆಂದಿದ್ದೀರಿ’ ಎಂಬ ಒಂದು ಸಾಲು ಇರುತ್ತದೆ. ಬಹಳ ಮಕ್ಕಳು ಅಲ್ಲಿ ‘ಡಾಕ್ಟರ್’ ಎಂದು ಬರೆಯುತ್ತಾರೆ. ಯಾವ ಡಾಕ್ಟರ್ ಎಂದು ಕೇಳಿದರೆ ಹಾರ್ಟಿನ ಡಾಕ್ಟರ್, ಮಕ್ಕಳ ಡಾಕ್ಟರ್, ಹೆರಿಗೆ ಡಾಕ್ಟರ್ ಎನ್ನುತ್ತಾರೆ. ರಕ್ತದ ಡಾಕ್ಟರ್ ಆಗುತ್ತೇನೆ ಎಂದವರು ಅಪರೂಪ. ಆದ್ದರಿಂದ ಇವತ್ತು ಆ ಕೆಲಸದ ಬಗ್ಗೆಯೇ ಮಾತನಾಡುತ್ತೇನೆ. ಆಸ್ಪತ್ರೆಯ ಬೋರ್ಡಿನ ಮೇಲೆ ಅವರ ಹೆಸರಿನ ಕೆಳಗೆ ‘ಹೆಮಟಾಲಜಿಸ್ಟ್’ ಎಂದು ಬರೆದಿರುತ್ತದೆ.

ನಮ್ಮ ಮನೆಗಳಲ್ಲಿ ‘ಖೂನ್ ಕಮ್ ಹೈ’ ಅನ್ನುತ್ತೇವೆ. ಪಕ್ಕದ ಮನೆಯವರು ‘ರಗತ ಕಮ್ಮಿ ಆಗ್ಯಾದ’ ಅನ್ನುತ್ತಾರೆ. ಭಾಷೆ ಬೇರೆಯಾದರೂ ಮಾತು ಒಂದೇ, ಮಾಡುವ ಉಪಾಯವೂ ಒಂದೇ. ಕೆಂಪು ಟಾನಿಕ್ ತರುತ್ತೇವೆ, ಬೀಟ್‌ರೂಟ್ ತಿನ್ನಿಸುತ್ತೇವೆ, ಕಮಲಾಪುರದವರಾದರೆ ಕೆಂಪು ಬಾಳೆಹಣ್ಣು ಕೊಡುತ್ತೇವೆ. ಆ ಬಾಳೆ ಜಿಐ ಟ್ಯಾಗ್ ಪಡೆದ ಒಳ್ಳೆಯ ಹಣ್ಣು, ತಿನ್ನಲಿ. ಆದರೆ ಬಣ್ಣ ಕೆಂಪಾಗಿದೆ ಎಂದ ಮಾತ್ರಕ್ಕೆ ಯಾವ ಹಣ್ಣೂ ರಕ್ತವಾಗುವುದಿಲ್ಲ.

ಹಿಮೋಗ್ಲೋಬಿನ್ 8 ಎಂದು ರಿಪೋರ್ಟ್ ಬಂದರೆ ಅದು ಸಮಸ್ಯೆ ಇದೆ ಎಂಬ ಸುದ್ದಿ ಮಾತ್ರ. ಕಾರಣ ಅದರಲ್ಲಿ ಇರುವುದಿಲ್ಲ. ಬೆಳೆಯುವ ಹುಡುಗಿಗೆ ಕಬ್ಬಿಣದ ಅಂಶ ಸಾಲದೆ ಇರಬಹುದು. ಬಸುರಿಗೆ ಫೋಲಿಕ್ ಆಮ್ಲದ ಕೊರತೆ ಇರಬಹುದು. ಐವತ್ತು ದಾಟಿದ ಗಂಡಸಿಗೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿರಬಹುದು. ಒಂದು ವರ್ಷದ ಮಗುವಿಗೆ ತಂದೆ ತಾಯಿ ಇಬ್ಬರಿಂದಲೂ ಬಂದ ಥಲಸ್ಸೇಮಿಯಾ ಇರಬಹುದು. ಮೂಳೆಯೊಳಗಿನ ಮಜ್ಜೆಯೇ ಕೆಲಸ ನಿಲ್ಲಿಸಿರಬಹುದು, ಅಥವಾ ರಕ್ತದ ಕ್ಯಾನ್ಸರ್ ಇರಬಹುದು. ಸಂಖ್ಯೆ ಒಂದೇ, ಕಾರಣ ಹತ್ತು. ರಕ್ತದ ಡಾಕ್ಟರ ಕೆಲಸ ಶುರುವಾಗುವುದು ‘ಏಕೆ ಕಮ್ಮಿ’ ಎಂಬ ಪ್ರಶ್ನೆಯಿಂದ.

ಅವರ ದಿನಚರಿ ಬೇರೆ ಡಾಕ್ಟರುಗಳಂತಲ್ಲ. ಅರ್ಧ ಹೊತ್ತು ರೋಗಿಯ ಹಾಸಿಗೆಯ ಪಕ್ಕ, ಅರ್ಧ ಹೊತ್ತು ಸೂಕ್ಷ್ಮದರ್ಶಕದ ಮುಂದೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಚ್ಚಿ, ಕಣಗಳ ಗಾತ್ರ ಮತ್ತು ಆಕಾರ ನೋಡುತ್ತಾರೆ. ಕಬ್ಬಿಣ ಕಮ್ಮಿಯಾದರೆ ಕೆಂಪು ಕಣ ಸಣ್ಣದಾಗಿ ಪೇಲವವಾಗಿರುತ್ತದೆ. ಫೋಲಿಕ್ ಆಮ್ಲ ಅಥವಾ ಬಿ12 ಕಮ್ಮಿಯಾದರೆ ದೊಡ್ಡದಾಗುತ್ತದೆ. ಸಿಕಲ್ ಸೆಲ್ ರೋಗದಲ್ಲಿ ಕುಡುಗೋಲಿನಂತೆ ಬಾಗುತ್ತದೆ. ಅಲ್ಲಿಗೂ ತಿಳಿಯದಿದ್ದರೆ ಸೊಂಟದ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೆದು ನೋಡುತ್ತಾರೆ. ಆಮೇಲೆ ಹೊರಗೆ ಬಂದು, ಬೆಂಚಿನ ಮೇಲೆ ಕಾಯುತ್ತಿರುವ ತಾಯಿಗೆ ಆಕೆಯ ಭಾಷೆಯಲ್ಲಿ ಅರ್ಥವಾಗುವಂತೆ ಹೇಳಬೇಕು. ಎಲ್ಲಕ್ಕಿಂತ ಕಠಿಣವಾದ ಕೆಲಸ ಅದೇ.

ಕಾರಣ ತಿಳಿಯದೆ ಔಷಧಿ ಕೊಟ್ಟರೆ ಏನಾಗುತ್ತದೆ? ಥಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಹಾಗೆ ಹಾಕಿದ ರಕ್ತದಿಂದ ಅದರ ಹೃದಯ, ಯಕೃತ್ತುಗಳಲ್ಲಿ ಕಬ್ಬಿಣ ಶೇಖರವಾಗುತ್ತದೆ. ಅದನ್ನು ಹೊರಹಾಕಲು ಬೇರೆ ಔಷಧಿ ಕೊಡಬೇಕು. ಅಂಥ ಮಗುವಿಗೆ ಮನೆಯವರು ‘ರಕ್ತ ಬರಲಿ’ ಎಂದು ಕಬ್ಬಿಣದ ಟಾನಿಕ್ ಕುಡಿಸಿದರೆ ಹಾನಿಯೇ. ಒಂದು ಮನೆಯ ಮಗಳಿಗೆ ಬೇಕಾದದ್ದು ಇನ್ನೊಂದು ಮನೆಯ ಮಗನಿಗೆ ವಿಷ.

ಥಲಸ್ಸೇಮಿಯಾ ಬಗ್ಗೆ ತಂದೆ ತಾಯಂದಿರು ಇನ್ನೊಂದು ಮಾತು ಕೇಳಬೇಕು. ಈ ಗುಣವನ್ನು ಹೊತ್ತವರು ರೋಗಿಗಳಲ್ಲ, ನಮ್ಮ ನಿಮ್ಮಂತೆಯೇ ಇರುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರಲ್ಲೂ ಅದು ಇದ್ದರೆ, ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವ. ನಮ್ಮಲ್ಲಿ ಚಾಚಾ, ಮಾಮು, ಖಾಲಾ ಮಕ್ಕಳೊಳಗೆ ನಿಕಾಹ್ ಆಗುತ್ತದೆ. ಈ ಭಾಗದ ಬೇರೆ ಸಮಾಜಗಳಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುತ್ತಾರೆ. ರಕ್ತ ಸಂಬಂಧದಲ್ಲಿ ಇಬ್ಬರೂ ಒಂದೇ ಗುಣ ಹೊತ್ತಿರುವ ಸಾಧ್ಯತೆ ಹೆಚ್ಚು. ಮಾತುಕತೆಗೆ ಮುಂಚೆ ಹುಡುಗ ಹುಡುಗಿ ಇಬ್ಬರೂ ಒಮ್ಮೆ ರಕ್ತ ತಪಾಸಣೆ ಮಾಡಿಸಿಕೊಳ್ಳಲಿ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಕೆಂಪು ಕಣ ಸಣ್ಣದಿದೆ ಎಂದು ಕಂಡರೆ ‘ಎಚ್‌ಪಿಎಲ್‌ಸಿ’ ಎಂಬ ಪರೀಕ್ಷೆ ಮಾಡುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರುವುದಿಲ್ಲ. ಮಗು ಹುಟ್ಟಿದ ಮೇಲೆ ಸೊಸೆಯನ್ನು ದೂರುವುದಂತೂ ಬೇಡ. ಇಬ್ಬರಿಂದಲೂ ಬಾರದೆ ಈ ರೋಗ ಬರುವುದೇ ಇಲ್ಲ.

ಇನ್ನೊಂದು ರೋಗ ಹಿಮೋಫಿಲಿಯಾ. ಇದರಲ್ಲಿ ರಕ್ತ ಹೆಪ್ಪುಗಟ್ಟುವ ಅಂಶ ಕಮ್ಮಿ. ಸಾಮಾನ್ಯವಾಗಿ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ಸಾವಿರ ವರ್ಷದ ಹಿಂದೆ ಕೊರ್ದೋಬಾದ ವೈದ್ಯ ಅಲ್ ಜಹ್ರಾವಿ, ಒಂದು ಹಳ್ಳಿಯಲ್ಲಿ ಸಣ್ಣ ಗಾಯಕ್ಕೂ ಗಂಡಸರು ರಕ್ತ ಸೋರಿ ಸಾಯುತ್ತಿದ್ದುದನ್ನು ತಮ್ಮ ‘ಕಿತಾಬ್ ಅಲ್ ತಸ್ರೀಫ್’ ಗ್ರಂಥದಲ್ಲಿ ದಾಖಲಿಸಿದ್ದಾರೆ. ನಮ್ಮ ಮನೆಗಳಿಗೆ ಇದು ಇತಿಹಾಸದ ಮಾತಷ್ಟೇ ಅಲ್ಲ. ಎಷ್ಟೋ ಸಲ ಈ ರೋಗ ಮೊದಲು ಗೊತ್ತಾಗುವುದು ಖತ್ನಾ ಮಾಡಿಸಿದಾಗ ರಕ್ತ ನಿಲ್ಲದೆ ಹೋದಾಗ. ಮಗುವಿನ ತಾಯಿಯ ಅಣ್ಣತಮ್ಮಂದಿರಲ್ಲಿ, ಸೋದರಮಾವಂದಿರಲ್ಲಿ ಯಾರಿಗಾದರೂ ಹೀಗೆ ರಕ್ತ ನಿಲ್ಲದ ತೊಂದರೆ, ಮೇಲಿಂದ ಮೇಲೆ ಮೊಣಕಾಲು ಊದುವುದು ಇದ್ದರೆ ಖತ್ನಾಕ್ಕೆ ಮುಂಚೆ ಡಾಕ್ಟರಿಗೆ ಹೇಳಿರಿ. ಪರೀಕ್ಷೆ ಮಾಡಿಸಿ, ಆಸ್ಪತ್ರೆಯಲ್ಲೇ ಮಾಡಿಸಿರಿ. ಒಂದು ಮಾತು ಮುಂಚಿತವಾಗಿ ಹೇಳಿದರೆ ಒಂದು ಜೀವ ಉಳಿಯುತ್ತದೆ.

ನಮ್ಮ ರಾಜ್ಯದ ದಾವಣಗೆರೆಯಲ್ಲಿ ಡಾ. ಸುರೇಶ್ ಹನಗವಾಡಿ ಅವರಿದ್ದಾರೆ. ಅವರಿಗೆ ಸ್ವತಃ ಹಿಮೋಫಿಲಿಯಾ ಇದೆ. ಅದರ ನೋವನ್ನು ಅನುಭವಿಸುತ್ತಲೇ ವೈದ್ಯಕೀಯ ಓದಿ, ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಪ್ರಾಧ್ಯಾಪಕರಾದರು. ತಮ್ಮಂತೆ ನರಳುವವರಿಗಾಗಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು. ಮೈಯಲ್ಲಿ ಆರೋಗ್ಯ ಇಲ್ಲ, ಓದಿ ಏನು ಮಾಡುವುದು ಎನ್ನುವ ಮಕ್ಕಳಿಗೆ ಅವರ ಬದುಕೇ ಉತ್ತರ.

ಈಗ ದಾನಿಗಳು ಕೇಳಬೇಕಾದ ಒಂದು ಸಂಗತಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಣ್ಣುಮಕ್ಕಳು ರಕ್ತಹೀನತೆಯಿಂದ ಸಾಯುತ್ತಿದ್ದರು. ಕಾರಣ ಹುಡುಕುತ್ತಾ ಅವರು ಆ ಹೆಂಗಸರು ಏನು ಉಣ್ಣುತ್ತಾರೆ ಎಂದು ನೋಡಿದರು. ಬಡ ಮನೆಗಳ ಊಟದಲ್ಲಿ ಏನೋ ಒಂದು ಅಂಶ ಇಲ್ಲ, ಅದು ಈಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟ್‌ನಲ್ಲಿ ಇದೆ ಎಂದು ಕಂಡುಕೊಂಡು 1931ರಲ್ಲಿ ಪ್ರಕಟಿಸಿದರು. ಹತ್ತು ವರ್ಷದ ನಂತರ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅಂಥದೇ ಅಂಶವನ್ನು ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಅದು ಪುಂಡಿ, ಮೆಂತ್ಯ, ಪಾಲಕ್ ಪಲ್ಯಗಳಲ್ಲಿದೆ. ಈ ನೆಹರು ಗಂಜ್‌ನಲ್ಲಿ ಲಾರಿಗಟ್ಟಲೆ ಇಳಿಯುವ ತೊಗರಿಯಲ್ಲೂ ಇದೆ. ಇಡೀ ದೇಶಕ್ಕೆ ಬೇಳೆ ಕಳಿಸುವ ಊರಿನ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ ಕೊನೆಗೆ ತಿಳಿಸಾರು ಉಣ್ಣುವುದು ಸರಿಯೇ?

ಫೋಲಿಕ್ ಆಮ್ಲವನ್ನು 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದ ತಂಡದ ನಾಯಕ ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ರೋಗದಿಂದ ತೀರಿಕೊಂಡಿದ್ದರು. ರಕ್ತವನ್ನು ಬತ್ತಿಸುವ ಆ ರೋಗಕ್ಕೆ ಮುಂದೆ ಮದ್ದಾದದ್ದು ಇದೇ ಫೋಲಿಕ್ ಆಮ್ಲ. ಸುಬ್ಬರಾವ್ ಅಮೆರಿಕಕ್ಕೆ ಓದಲು ಹೋದದ್ದು ಹೇಗೆ? ಮಾವನ ಮನೆಯವರು ಹಣ ಹೊಂದಿಸಿದರು, ಕಾಕಿನಾಡದ ಒಂದು ಧರ್ಮದತ್ತಿ ನೆರವಿನ ಭರವಸೆ ಕೊಟ್ಟಿತು. ಅಂದರೆ ನಮ್ಮದರಂಥ ಒಂದು ಟ್ರಸ್ಟು. ಬಾಸ್ಟನ್ನಿನಲ್ಲಿ ಖರ್ಚಿಗೆ ಸಾಲದೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಕೆಲಸ ಮಾಡಿದರು. ಮುಂದೆ ಅವರ ತಂಡ ಒದಗಿಸಿದ ಅಮಿನಾಪ್ಟೆರಿನ್ ಔಷಧಿಯನ್ನು ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳು ಕೆಲವು ಕಾಲ ಚೇತರಿಸಿಕೊಂಡಿದ್ದರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಇವತ್ತಿಗೂ ಆ ರೋಗದ ಮಕ್ಕಳನ್ನು ಉಳಿಸುತ್ತಿದೆ. ಕಾಕಿನಾಡದ ಆ ದಾನಿಗಳು ಇದನ್ನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಕೊಟ್ಟ ರೂಪಾಯಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕೊಡುವವನಿಗೆ ತಿಳಿಯುವುದಿಲ್ಲ.

ಈಗ ಲೆಕ್ಕದ ಮಾತು. ರಕ್ತದ ಡಾಕ್ಟರ್ ಆಗಲು ಎಷ್ಟು ವರ್ಷ ಬೇಕು? ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ಆಮೇಲೆ ನೀಟ್ ಪಿಜಿ ಬರೆದು ಜನರಲ್ ಮೆಡಿಸಿನ್ ಅಥವಾ ಮಕ್ಕಳ ವಿಭಾಗದಲ್ಲಿ ಎಂಡಿ ಮೂರು ವರ್ಷ. ಮತ್ತೆ ನೀಟ್ ಎಸ್‌ಎಸ್ ಬರೆದು ಕ್ಲಿನಿಕಲ್ ಹೆಮಟಾಲಜಿಯಲ್ಲಿ ಡಿಎಂ ಮೂರು ವರ್ಷ. ಒಟ್ಟು ಹನ್ನೊಂದೂವರೆ. ನಡುವೆ ಒಂದೆರಡು ವರ್ಷ ಪರೀಕ್ಷೆಯ ತಯಾರಿಗೆ ಹೋಗುತ್ತದೆ. ಹದಿನೆಂಟಕ್ಕೆ ಸೇರಿದ ಮಗು ಮೂವತ್ತು ದಾಟಿರುತ್ತದೆ.

ನಮ್ಮ ಉತ್ಸಾಹ ಮಾತ್ರ ಮೊದಲ ವರ್ಷದಲ್ಲೇ ಖರ್ಚಾಗಿರುತ್ತದೆ. ಸೀಟು ಸಿಕ್ಕಾಗ ಹಾರ ಹಾಕುತ್ತೇವೆ, ಫೋಟೋ ತೆಗೆಸುತ್ತೇವೆ, ಫೀಸು ಕಟ್ಟುತ್ತೇವೆ. ಎಂಬಿಬಿಎಸ್ ಮುಗಿದ ಕೂಡಲೇ ‘ಡಾಕ್ಟರ್ ಆದನಲ್ಲ, ಇನ್ನೇನು’ ಎನ್ನುತ್ತೇವೆ. ಆ ಹೊತ್ತಿಗೆ ತಂದೆಗೆ ವಯಸ್ಸಾಗಿರುತ್ತದೆ, ತಮ್ಮಂದಿರ ಓದು ಬಾಕಿ ಇರುತ್ತದೆ. ಹುಡುಗ ಸಿಕ್ಕ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಡ್ಯೂಟಿಗೆ ನಿಲ್ಲುತ್ತಾನೆ. ಹುಡುಗಿಯಾದರೆ ಮದುವೆ ನಿಶ್ಚಯವಾಗುತ್ತದೆ, ಪುಸ್ತಕ ಅಟ್ಟಕ್ಕೆ ಸೇರುತ್ತದೆ. ಎಂಡಿ ಓದುವಾಗ ಸ್ಟೈಪೆಂಡ್ ಬರುತ್ತದೆ. ಕಷ್ಟ ಇರುವುದು ಎಂಬಿಬಿಎಸ್ ಮತ್ತು ಎಂಡಿ ನಡುವಿನ ಆ ಒಂದೆರಡು ವರ್ಷದಲ್ಲಿ. ಟ್ರಸ್ಟಿಗೆ ನನ್ನ ಮೊದಲ ವಿನಂತಿ ಇದೇ. ನಿಧಿಯ ಒಂದು ಸಣ್ಣ ಪಾಲನ್ನು ಆ ವರ್ಷಗಳಿಗಾಗಿಯೇ ಎತ್ತಿಡಿ. ವರ್ಷಕ್ಕೆ ಒಬ್ಬರೇ ಸಾಕು, ಆದರೆ ಕೊನೆಯವರೆಗೆ ಕೈ ಹಿಡಿಯಿರಿ. ಅರ್ಜಿದಾರರಲ್ಲಿ ಹೆಣ್ಣುಮಗಳಿದ್ದರೆ ಆಕೆಯ ಅತ್ತೆಮಾವಂದಿರನ್ನೂ ಒಮ್ಮೆ ಕರೆದು ಮಾತನಾಡಿ.

ಮಕ್ಕಳೇ, ಓದುವ ಅವಕಾಶ ದೂರದಲ್ಲಿಲ್ಲ. 1963ರ ಎಂ.ಆರ್. ಮೆಡಿಕಲ್ ಕಾಲೇಜು, ಖಾಜಾ ಬಂದಾನವಾಜ್, ಜಿಮ್ಸ್, ಇಎಸ್‌ಐಸಿ ಎಲ್ಲ ಈ ಊರಲ್ಲೇ ಇವೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ಸಂಸ್ಥೆಗಳಲ್ಲಿ 70 ಪ್ರತಿಶತ ಸೀಟು ಸ್ಥಳೀಯರಿಗೆ ಮೀಸಲು. ಅದರ ಪ್ರಮಾಣಪತ್ರವನ್ನು ಪಿಯುಸಿ ಎರಡನೇ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳಿ, ಕೌನ್ಸೆಲಿಂಗ್ ದಿನ ಓಡಾಡಬೇಡಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವೂ ಇದೆ. ಎಂಬಿಬಿಎಸ್ ಸಿಗದವರು ಎದೆಗುಂದಬೇಡಿ. ಲ್ಯಾಬ್ ಟೆಕ್ನಾಲಜಿ ಓದಿದವರು ರಕ್ತದ ಪಟ್ಟಿಯನ್ನು ಸರಿಯಾಗಿ ತಯಾರಿಸದಿದ್ದರೆ ಎಷ್ಟು ದೊಡ್ಡ ಡಾಕ್ಟರಿಗೂ ಏನೂ ಕಾಣಿಸುವುದಿಲ್ಲ.

ಮನೆಯಲ್ಲಿ ರೋಗಿ ಇರುವವರಿಗೆ ಎರಡು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಪ್ರಮಾಣಪತ್ರಕ್ಕೆ ಕೇಳಿರಿ. ಥಲಸ್ಸೇಮಿಯಾ ಮಗುವಿಗೆ ಹೊಂದುವ ಅಣ್ಣ ತಂಗಿಯ ಮಜ್ಜೆ ಸಿಕ್ಕರೆ ಕಸಿ ಮಾಡಿ ಗುಣಪಡಿಸಬಹುದು. ವೆಲ್ಲೂರಿನ ಸಿಎಂಸಿಯಲ್ಲಿ 1986ರಿಂದಲೇ ಈ ಕಸಿ ನಡೆಯುತ್ತಿದೆ. ಅರ್ಹ ಬಡ ಕುಟುಂಬಗಳಿಗೆ ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷ ರೂಪಾಯಿವರೆಗೆ ಕೊಡುವ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ 2017ರಿಂದ ಇದೆ.

ದಾನಿಗಳಿಗೆ ಕೊನೆಯ ವಿನಂತಿ. ಹಣ ಕೊಡುವ ಕೈಯೇ ರಕ್ತವನ್ನೂ ಕೊಡಲಿ. ವಯಸ್ಸು 18ರಿಂದ 65, ತೂಕ 45 ಕಿಲೋಗೆ ಕಮ್ಮಿ ಇಲ್ಲ, ಹಿಮೋಗ್ಲೋಬಿನ್ ಹನ್ನೆರಡೂವರೆ ಇದ್ದರೆ ಸಾಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ವರ್ಷಕ್ಕೆ ಒಂದೇ ದಿನ ನೂರು ಜನ ಸಾಲು ನಿಲ್ಲುವುದಕ್ಕಿಂತ ತಿಂಗಳಿಗೆ ಎಂಟು ಜನ ಹೋಗುವುದು ಮೇಲು. ರಕ್ತವನ್ನು ಐದಾರು ವಾರಕ್ಕಿಂತ ಹೆಚ್ಚು ಇಡಲಾಗದು, ಆ ಮಗುವಿಗೋ ಪ್ರತಿ ತಿಂಗಳೂ ಬೇಕು.

ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 47.8 ಪ್ರತಿಶತ, ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಪ್ರತಿಶತ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಈ ಸಭೆಯಲ್ಲಿರುವ ಪ್ರತಿ ಎರಡನೇ ತಾಯಿಯ ಮಾತು ಇದು. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಬೆಂಗಳೂರಿಗೋ ರಾತ್ರಿ ರೈಲು ಹತ್ತದೆ, ನಮ್ಮ ಊರಲ್ಲೇ, ನಮ್ಮ ಮಾತಿನಲ್ಲೇ ‘ಏಕೆ ಕಮ್ಮಿಯಾಯಿತು ಅಮ್ಮಾ’ ಎಂದು ಕೇಳುವ ಡಾಕ್ಟರುಗಳು ಇನ್ನಷ್ಟು ಬೇಕು. ಅವರು ಇವತ್ತು ಚೆಕ್ಕು ತೆಗೆದುಕೊಳ್ಳಲಿರುವ ಮಕ್ಕಳಲ್ಲೇ ಇರಬಹುದು.

ಅಲ್ಲಾಹನು ಕೊಡುವವರ ದುಡಿಮೆಯಲ್ಲಿ ಬರ್ಕತ್ ಕೊಡಲಿ, ಓದುವವರಿಗೆ ತಾಳ್ಮೆ ಕೊಡಲಿ.