ಹಣದುಬ್ಬರ ಇಳಿದರೂ ಇಳಿಯದ ಬೆಲೆ



2024ರ ಸೆಪ್ಟೆಂಬರ್‌ನಲ್ಲಿ ಶ್ರೀಲಂಕಾದ ಹಣದುಬ್ಬರ ಸೊನ್ನೆಗಿಂತ ಕೆಳಗಿಳಿದು ಮೈನಸ್ ಅರ್ಧ ಶೇಕಡಾ ಮುಟ್ಟಿತು. ಅದೇ ತಿಂಗಳು ಭಾರತದಲ್ಲಿ ಅದು ಶೇ. 5.5ರಷ್ಟಿತ್ತು, ಪಾಕಿಸ್ತಾನದಲ್ಲಿ ಶೇ. 7ರ ಹತ್ತಿರ, ಬಾಂಗ್ಲಾದೇಶದಲ್ಲಿ ಸುಮಾರು ಶೇ. 10. ಅಕ್ಕಪಕ್ಕದ ದೇಶಗಳನ್ನು ಹೀಗೆ ಸಾಲಾಗಿ ನಿಲ್ಲಿಸಿದರೆ ಕೊಲಂಬೊದಲ್ಲೇ ಎಲ್ಲ ಅಗ್ಗ ಎನಿಸುತ್ತದೆ. ಆದರೆ ಅಲ್ಲಿ ದಿನಸಿ ಅಂಗಡಿಗೆ ಹೋಗಿ ಬಂದವರು ಯಾರೂ ಈ ಮಾತನ್ನು ಒಪ್ಪಲಾರರು.

ಅಲ್ಲಿಂದ ಮೂರು ವರ್ಷ ಹಿಂದಕ್ಕೆ ಹೋಗೋಣ. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರನೆ ನಿಷೇಧಿಸಿತು. ಭತ್ತದ ಇಳುವರಿ ಕುಸಿಯಿತು. ಕೊರೊನಾದಿಂದ ಪ್ರವಾಸೋದ್ಯಮ ಮೊದಲೇ ನೆಲಕಚ್ಚಿತ್ತು, ಡಾಲರ್ ಖಾಲಿಯಾಗುತ್ತಾ ಬಂತು. 2022ರ ಮಾರ್ಚ್‌ನಲ್ಲಿ ಪ್ರಶ್ನೆಪತ್ರಿಕೆ ಮುದ್ರಿಸಲು ಕಾಗದವಿಲ್ಲದೆ ಶಾಲಾ ಪರೀಕ್ಷೆಗಳನ್ನೇ ಮುಂದೂಡಬೇಕಾಯಿತು. ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸಲಾಗದು ಎಂದು ದೇಶ ಕೈಚೆಲ್ಲಿತು. ಇನ್ನೂರು ರೂಪಾಯಿಗೆ ಸಿಗುತ್ತಿದ್ದ ಡಾಲರ್ ಕೆಲವೇ ವಾರಗಳಲ್ಲಿ ಮುನ್ನೂರೈವತ್ತು ದಾಟಿತು. ಹಾಲಿನ ಪುಡಿ, ಬೇಳೆ, ಗೋಧಿ, ಅಡುಗೆ ಅನಿಲ ಎಲ್ಲವೂ ಹಡಗಿನಲ್ಲಿ ಬರಬೇಕಾದ ದ್ವೀಪಕ್ಕೆ ಇದು ಎಂಥ ಪೆಟ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ ಶೇ. 69.8ಕ್ಕೇರಿತು, ಆಹಾರದ್ದಂತೂ ಶೇ. 94.9. ನಮ್ಮಲ್ಲಿ ಆಗ ಶೇ. 7.4 ಇದ್ದದ್ದಕ್ಕೇ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸುತ್ತಾ ಹೋಗಿತ್ತು.

ಈಗ ಸ್ವಲ್ಪ ಲೆಕ್ಕ ಹಾಕೋಣ. 2021ರ ಸೆಪ್ಟೆಂಬರ್‌ನಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಮರುವರ್ಷ ಸುಮಾರು ನೂರ ಎಪ್ಪತ್ತು ಕೊಡಬೇಕಾಯಿತು. 2023ರಲ್ಲಿ ಹಣದುಬ್ಬರ ಶೇ. 1.3ಕ್ಕೆ ಇಳಿದಾಗ ಅದೇ ಸಾಮಾನು ನೂರ ಎಪ್ಪತ್ತೆರಡು. 2024ರಲ್ಲಿ ಮೈನಸ್ ಆದಾಗ ನೂರ ಎಪ್ಪತ್ತೊಂದು. ಇಳಿದದ್ದು ಒಂದು ರೂಪಾಯಿ, ಅಷ್ಟೇ. ಹಣದುಬ್ಬರದ ದರ ಹೇಳುವುದು ಹಿಂದಿನ ವರ್ಷದ ಇದೇ ತಿಂಗಳಿಗಿಂತ ಬೆಲೆ ಎಷ್ಟು ಏರಿತು ಎಂಬುದನ್ನು ಮಾತ್ರ. ಅದಕ್ಕೂ ಮೊದಲು ಏರಿದ್ದು ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಪಾಕಿಸ್ತಾನದ ಕಥೆಯೂ ಇದೇ. 2023ರ ಮೇ ತಿಂಗಳಲ್ಲಿ ಶೇ. 38 ಇದ್ದದ್ದು 2025ರ ಏಪ್ರಿಲ್‌ನಲ್ಲಿ ಶೇ. 0.3ಕ್ಕೆ ಬಂತು.

ನೇಪಾಳ, ಭೂತಾನಗಳದು ಬೇರೆ ದಾರಿ. ನೇಪಾಳದ ರೂಪಾಯಿಯನ್ನು 1993ರಿಂದ ಭಾರತದ ಒಂದು ರೂಪಾಯಿಗೆ 1.60ರಂತೆ ಕಟ್ಟಿಹಾಕಲಾಗಿದೆ. ಭೂತಾನದ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ಸಾಮಾನೂ ಬಹುಪಾಲು ಇಲ್ಲಿಂದಲೇ ಹೋಗುವುದರಿಂದ ನಮ್ಮ ಬೆಲೆಗಳ ಬಿಸಿ ಅವರಿಗೂ ತಟ್ಟುತ್ತದೆ.

ಹಾಗಾಗಿ ನೆರೆಯವರ ದರದೊಂದಿಗೆ ನಮ್ಮದನ್ನು ಹೋಲಿಸುವಾಗ ಒಂದು ತಿಂಗಳ ಅಂಕಿಯನ್ನೇ ನೆಚ್ಚಬೇಡಿ. ಕನಿಷ್ಠ ನಾಲ್ಕೈದು ವರ್ಷಗಳ ಬೆಲೆಯನ್ನೂ ಆ ಅವಧಿಯಲ್ಲಿ ಏರಿದ ಕೂಲಿಯನ್ನೂ ಜೊತೆಗಿಟ್ಟು ನೋಡಿ. ಹಣದುಬ್ಬರ ಸೊನ್ನೆಗಿಂತ ಕೆಳಗಿಳಿದ ಆ 2024ರಲ್ಲೇ ಶ್ರೀಲಂಕಾದ ಸುಮಾರು ಕಾಲು ಭಾಗ ಜನ ಬಡತನದಲ್ಲಿದ್ದರು ಎಂದು ವಿಶ್ವಬ್ಯಾಂಕ್ ಅಂದಾಜಿಸಿದೆ. ಅದು 2019ರಲ್ಲಿ ಇದ್ದದ್ದರ ಎರಡು ಪಟ್ಟು.