ಹಿತ್ತಲ ಸೀಬೆ, ಮನೆಯ ಜಾಮು



ನಮ್ಮೂರಲ್ಲಿ ಸೀಬೆ ಮರ ಇಲ್ಲದ ಹಿತ್ತಲು ಕಡಿಮೆ. ಹಣ್ಣು ಬಿಟ್ಟರೆ ಒಟ್ಟಿಗೇ ಬಿಡ್ತದೆ. ಮಕ್ಕಳು ತಿಂದು, ಗಿಳಿ ತಿಂದು, ಉಳಿದದ್ದು ನೆಲಕ್ಕೆ ಬಿದ್ದು ಕೊಳೆಯುತ್ತದೆ. ಪೇಟೆಗೆ ಹೋದಾಗ ನಾವೇ ದುಡ್ಡು ಕೊಟ್ಟು ಜಾಮು ತರುತ್ತೇವೆ. ಇದು ಸರಿಯೇ?

ಸೀಬೆಯಲ್ಲಿ 'ಸಿ' ಜೀವಸತ್ವ ಕಿತ್ತಳೆಗಿಂತ ಹೆಚ್ಚು. ಬೇಯಿಸಿದರೆ ಅದು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಹಣ್ಣನ್ನು ಹಾಗೇ ತಿನ್ನಿ. ಮಿಕ್ಕಿದ್ದಕ್ಕೆ ಜಾಮು ಮಾಡಿ.

ಮಾಡೋದು ಹೇಗೆ?

ಹುಳುಕಿಲ್ಲದ ಮಾಗಿದ ಹಣ್ಣು ಆರಿಸಿ. ತೊಳೆದು ಸಣ್ಣಗೆ ಹೆಚ್ಚಿ. ಹೋಳು ಮುಳುಗುವಷ್ಟು ನೀರು ಹಾಕಿ. ಸ್ಟೀಲ್ ಪಾತ್ರೆಯಲ್ಲಿ ಮೆತ್ತಗೆ ಬೇಯಿಸಿ. ಆರಿದ ಮೇಲೆ ಜರಡಿಯಲ್ಲಿ ಕಿವುಚಿ. ಬೀಜ ಮೇಲೆ ಉಳಿಯುತ್ತದೆ. ತಿರುಳು ಕೆಳಗೆ ಇಳಿಯುತ್ತದೆ.

4 ಲೋಟ ತಿರುಳಿಗೆ 3 ಲೋಟ ಸಕ್ಕರೆ, 2 ನಿಂಬೆಹಣ್ಣಿನ ರಸ ಹಾಕಿ. ಒಲೆಯ ಮೇಲಿಟ್ಟು, ತಳ ಹಿಡಿಯದಂತೆ ಕೈಯಾಡಿಸಿ. ಕುದಿಯುವಾಗ ಸಿಡಿಯುತ್ತದೆ, ಮಕ್ಕಳು ಹತ್ತಿರ ಬರಬಾರದು. ತಟ್ಟೆಗೆ ಒಂದು ತೊಟ್ಟು ಬಿಟ್ಟು ಆರಿಸಿ ನೋಡಿ. ಹರಿಯದೆ ನಿಂತರೆ ಹದ ಬಂತು.

ಗಾಜಿನ ಬಾಟಲಿಯನ್ನು ನೀರಿನಲ್ಲಿ 10 ನಿಮಿಷ ಕುದಿಸಿ. ಜಾಮು ಬಿಸಿ ಇರುವಾಗಲೇ ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ. ಸಕ್ಕರೆ, ಹುಳಿ ಎರಡೂ ಜಾಮನ್ನು ಕಾಯುತ್ತವೆ. ನೀರು ಸೇರಿದರೆ ಬೂಸ್ಟು ಬರುತ್ತದೆ. ಒದ್ದೆ ಚಮಚ ಹಾಕಲೇಬೇಡಿ. ಮುಚ್ಚಳ ತೆಗೆದ ಮೇಲೆ ಬೇಗ ಮುಗಿಸಿ.

ಇನ್ನೊಂದು ಮಾತು. ಹೋದ ವರ್ಷ ನಾವೆಲ್ಲ ಸೇರಿ ಎರಡು ಸಲ ಜಾಮು ಮಾಡಿದೆವು. ಹಳೆಯದು ಯಾವುದು, ಹೊಸದು ಯಾವುದು ಆಮೇಲೆ ತಿಳಿಯಲೇ ಇಲ್ಲ. ಒಂದು ಮನೆಯಲ್ಲಿ ಹಳೆಯ ಬಾಟಲಿಗೆ ಬೂಸ್ಟು ಬಂದಿತ್ತು.

"ಮೇಲಿಂದು ತೆಗೆದುಹಾಕಿ ಮಗೂಗೆ ಕೊಟ್ಟೆ ಮೇಷ್ಟ್ರೇ" ಅಂದರು ಆ ತಾಯಿ.

ಮಗುವಿಗೆ ರಾತ್ರಿಯೆಲ್ಲ ವಾಂತಿ. ಪುಣ್ಯಕ್ಕೆ ಹುಷಾರಾಯಿತು. ಬೂಸ್ಟು ಬಂದರೆ ಇಡೀ ಬಾಟಲಿ ಚೆಲ್ಲಬೇಕು.

ತಪ್ಪು ಆ ತಾಯಿಯದಲ್ಲ, ನಮ್ಮದು. ಹೆಸರು ಬರೆಯೋದು ಕಲಿಸಿದೆವು, ತಾರೀಖು ಬರೆಯೋದೂ ಕಲಿಸಿದೆವು. ಬಾಟಲಿಯ ಮೇಲೆ ಬರೆಯಿರಿ ಅಂತ ಹೇಳಲಿಲ್ಲ.

ಈ ಸಲ ಪ್ರತಿ ಬಾಟಲಿಗೂ ಚೀಟಿ ಅಂಟಿಸೋಣ. ಮೂರೇ ಸಾಲು:

ಸೀಬೆ ಜಾಮು.
ಮಾಡಿದ ತಾರೀಖು.
ಮಾಡಿದವರ ಹೆಸರು.

ನಾವು ಬರೆದುಕೊಡುವುದಿಲ್ಲ. ನೀವೇ ಬರೆಯಬೇಕು. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಮನೆಯವರಿಗೆ ಓದಲು ಬಂದರೆ ಸಾಕು. ಅಂಗಡಿಯಲ್ಲಿ ಕೊಳ್ಳುವಾಗಲೂ ತಾರೀಖು ಓದಿಯೇ ಕೊಳ್ಳಿ.

ನಾಳೆ ಬರುವಾಗ ಹಣ್ಣು ತನ್ನಿ. ಪೆನ್ಸಿಲು ಮರೆಯಬೇಡಿ.