ತೀರ್ಮಾನ ಅವರದು, ಹೇಳುವ ಬಾಯಿ ನಮ್ಮದು
(ಮಹಿಳಾ ವೇದಿಕೆಯಲ್ಲಿ ಆಡಿದ ಮಾತುಗಳ ಬರಹರೂಪ)

ಬೇರೆಯವರು ಅನ್ಯಾಯವಾಗಿ ಮಾಡಿದ ತೀರ್ಮಾನವನ್ನು ನಾವು ಮತ್ತೊಬ್ಬರಿಗೆ ಹೇಳಬೇಕಾಗಿ ಬಂದಾಗ ಮನಸ್ಸಿನಲ್ಲಿ ಏನಾಗುತ್ತದೆ? ಇವತ್ತು ಅದರ ಬಗ್ಗೆ ನಾಲ್ಕು ಮಾತು.

ಜೈಮಿನಿ ಭಾರತದ ಸೀತಾ ಪರಿತ್ಯಾಗ ನಿಮಗೆಲ್ಲ ಗೊತ್ತು. ತೀರ್ಮಾನ ರಾಮನದು, ಹೇಳಬೇಕಾದವನು ಲಕ್ಷ್ಮಣ. ಗಂಗೆ ದಾಟುವವರೆಗೂ ಅವನಿಗೆ ಬಾಯಿ ಬರುವುದಿಲ್ಲ. ಈ ಹಿಂಜರಿಕೆಗೆ ಮನಶ್ಶಾಸ್ತ್ರದಲ್ಲಿ 'ಮಮ್ ಎಫೆಕ್ಟ್' ಎನ್ನುತ್ತಾರೆ. 1970ರಲ್ಲಿ ರೋಸೆನ್ ಮತ್ತು ಟೆಸ್ಸರ್ ಇಟ್ಟ ಹೆಸರು. ಈ ಅಂಜಿಕೆಗೆ ಕಾರಣವೂ ಇದೆ. 2019ರಲ್ಲಿ ಲೆಸ್ಲಿ ಜಾನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ, ಕೆಟ್ಟ ಸುದ್ದಿ ತಂದವರು ಅದಕ್ಕೆ ಕಾರಣರಲ್ಲದಿದ್ದರೂ ಕೇಳಿದವರಿಗೆ ಅವರ ಮೇಲೆ ಅಸಮಾಧಾನ ಹುಟ್ಟಿತು.

ಗುರುಗ್ರಾಮದ ಒಂದು ಕಂಪನಿಯಲ್ಲಿ ನನಗೂ ಈ ಪಾಲು ಬಂತು. ಹೆರಿಗೆ ರಜೆ ಮುಗಿಸಿ ಬಂದ ನನ್ನ ಟೀಮಿನ ಹುಡುಗಿಗೆ ಮೇಲಿನವರು ರೇಟಿಂಗ್ ಇಳಿಸಿದರು. ಬೆಲ್ ಕರ್ವ್‌ನ ಕೊನೆಗೆ ಒಂದು ಹೆಸರು ಬೇಕಿತ್ತು, ಅಷ್ಟೆ. ನಾನು ಮೇಲ್‌ನಲ್ಲಿ ವಿರೋಧ ಬರೆದೆ, ನಡೆಯಲಿಲ್ಲ. ಅವಳನ್ನು ಕೂರಿಸಿಕೊಂಡು ಹೇಳಿದೆ: "ನಾನು ಕೊಟ್ಟಿದ್ದ ರೇಟಿಂಗ್ ಬೇರೆ. ಇದು ನಿನ್ನ ಕೆಲಸದ ಅಳತೆಯಲ್ಲ. ಅಪೀಲು ಹಾಕು, ನನ್ನ ಟಿಪ್ಪಣಿ ಜೊತೆಗಿರುತ್ತದೆ." ಎರಡು ವಾರ ಅವಳು ನನ್ನ ಜೊತೆ ಊಟಕ್ಕೆ ಬರಲಿಲ್ಲ. ಅಪೀಲೂ ಗೆಲ್ಲಲಿಲ್ಲ.

ಹಾಗಾದರೆ ಚೆನ್ನಾಗಿ ಹೇಳಿ ಏನು ಪ್ರಯೋಜನ? 1990ರಲ್ಲಿ ಜೆರಾಲ್ಡ್ ಗ್ರೀನ್‌ಬರ್ಗ್ ಪ್ರಕಟಿಸಿದ ಅಧ್ಯಯನವೊಂದಿದೆ. ಕಾರ್ಖಾನೆಗಳಲ್ಲಿ ಹತ್ತು ವಾರ ಶೇ. 15 ಸಂಬಳ ಕಡಿತವಾಯಿತು. ಕಾರಣವನ್ನು ಗೌರವದಿಂದ ವಿವರಿಸಿದ ಕಡೆ ಕಳ್ಳತನ ಕಡಿಮೆ. ಒಂದೆರಡು ಮಾತಿನಲ್ಲಿ ಮುಗಿಸಿದ ಕಡೆ ಜಾಸ್ತಿ. ಸಂಬಳ ಕಡಿತ ಮಾತ್ರ ಎರಡೂ ಕಡೆ ಒಂದೇ.

ಎಚ್ಚರ ಬೇಕಾದದ್ದು ಇಲ್ಲೇ. ಒಳ್ಳೆಯ ಮಾತು ನೋವನ್ನು ತಗ್ಗಿಸುತ್ತದೆ, ಅನ್ಯಾಯವನ್ನೂ ಸಲೀಸಾಗಿ ನುಂಗಿಸಿಬಿಡಬಹುದು. ಆದ್ದರಿಂದ ನನ್ನ ಸಲಹೆ ಇಷ್ಟು: ತಡಮಾಡದೆ, ಮುಖ ನೋಡಿ ಹೇಳಿ. ಕಾರಣ ಇಲ್ಲದಿದ್ದರೆ ಕಾರಣ ಹುಟ್ಟಿಸಬೇಡಿ. "ನನಗೂ ಎಷ್ಟು ಕಷ್ಟ ಗೊತ್ತಾ" ಎಂದು ಅವರಿಂದಲೇ ಸಮಾಧಾನ ಕೇಳಬೇಡಿ. ಅವರ ಸಿಟ್ಟಿಗೆ ಜಾಗ ಕೊಡಿ, ಮುಂದಿನ ದಾರಿ ತೋರಿಸಿ. ಮೇಲಿನವರಿಗೆ ಹೇಳಬೇಕಾದದ್ದನ್ನು ಲಿಖಿತವಾಗಿ ಹೇಳಿ.

ಇದು ಆಫೀಸಿನ ಮಾತಷ್ಟೇ ಅಲ್ಲ. "ನಿನ್ನ ಓದು ಇಲ್ಲಿಗೆ ಸಾಕಂತೆ" ಎಂದು ಮಗಳಿಗೆ ಹೇಳುವ ಕೆಲಸ ಎಷ್ಟೋ ಮನೆಗಳಲ್ಲಿ ಅಮ್ಮನಿಗೇ ಬೀಳುತ್ತದೆ. ಆ 'ಅಂತೆ'ಯಲ್ಲಿ ಅಡಗಿಕೊಳ್ಳುವ ಮೊದಲು, ತೀರ್ಮಾನ ಮಾಡಿದವರ ಮುಂದೆ ಒಮ್ಮೆ ಮಗಳ ಪರ ಮಾತಾಡೋಣ.